ಬಡಗಿಯ ಮನೆಗೆ ಯಾವ ತಂತ್ರಾಂಶ?

(ಸಂಘದ ವಾರ್ಷಿಕೋತ್ಸವದ ದಿನ ಪಾಲಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿ ವರ್ಷವೂ ಈ ದಿನ ತಮ್ಮ ಮುಂದೆ ನಿಂತು ಪರೀಕ್ಷೆಯ ಫಲಿತಾಂಶವನ್ನೂ ಹಾಜರಿಯ ಲೆಕ್ಕವನ್ನೂ ಒಪ್ಪಿಸುವುದು ನನ್ನ ವಾಡಿಕೆ. ಅವೆರಡೂ ವರದಿಯಲ್ಲಿ ಅಚ್ಚಾಗಿರುವುದರಿಂದ ತಾವು ಓದಿಕೊಳ್ಳಬಹುದು. ಇಂದು ಬೇರೊಂದು ವಿಷಯವನ್ನು ಅರಿಕೆ ಮಾಡಿಕೊಳ್ಳಲು ಅಪ್ಪಣೆ ಬೇಡುತ್ತೇನೆ. ಶಾಲೆಯ ಹೆಬ್ಬಾಗಿಲಿನ ಮೇಲೆ ತೂಗುತ್ತಿರುವ ಹೆಸರಿನ ಹಲಗೆಯೇ ಅದಕ್ಕೆ ಕಾರಣ. ಆ ಹಲಗೆಗೆ ಸಂಘವು ಎರಡು ಸಲ ಹಣ ತೆತ್ತಿತು. ಎರಡನೆಯ ಸಲ ಏಕೆ ತೆತ್ತಿತೆಂಬುದನ್ನು ಖಜಾಂಚಿಗಳು ಸೌಜನ್ಯದಿಂದ ಕೇಳಲಿಲ್ಲ. ಕೇಳದಿದ್ದರೂ ಹೇಳುವುದು ನನ್ನ ಕರ್ತವ್ಯ.

ಹಳೆಯ ತಗಡಿನ ಫಲಕ ತುಕ್ಕು ಹಿಡಿದಿತ್ತು. ತೇಗದ ಹಲಗೆಯೊಂದನ್ನು ಕೊಂಡು, ಗಣಕಯಂತ್ರದಿಂದ ನಡೆಯುವ ಕೆತ್ತನೆಯ ಯಂತ್ರವಿರುವ ಅಂಗಡಿಗೆ ಒಯ್ದೆವು. ಶಾಲೆಯ ಹೆಸರನ್ನು ನಾನೇ ನಮ್ಮ ಕಛೇರಿಯ ಗಣಕದಲ್ಲಿ, ಇಪ್ಪತ್ತು ವರ್ಷದಿಂದ ಬಳಸುತ್ತಿರುವ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿ ಪೆನ್ ಡ್ರೈವಿನಲ್ಲಿ ಕೊಟ್ಟಿದ್ದೆ. ಅಂಗಡಿಯಲ್ಲಿ ತೆರೆದಾಗ ಕನ್ನಡವೆಲ್ಲ ಇಂಗ್ಲಿಷಿನ ಅರ್ಥವಿಲ್ಲದ ಅಕ್ಷರಗಳಾಗಿ ಕಂಡಿತು. ಅಲ್ಲಿಯ ಹುಡುಗನು ತೆಲುಗು ಓದಿದವನು. ಪಾಪ, ನನ್ನ ಕಾಗದವನ್ನು ನೋಡಿ, ತನ್ನ ಕೆತ್ತನೆಯ ತಂತ್ರಾಂಶದಲ್ಲೇ ಮತ್ತೊಮ್ಮೆ ಟೈಪು ಮಾಡಿದನು. ಆ ತಂತ್ರಾಂಶಕ್ಕೆ ಒತ್ತಕ್ಷರವನ್ನು ಕೂಡಿಸುವುದು ಗೊತ್ತಿರಲಿಲ್ಲ. ‘ಪ್ರೌಢಶಾಲೆ’ ಎಂಬಲ್ಲಿ ಪಕಾರಕ್ಕೆ ಕೊಂಬಿನಂತಹ ಒಂದು ಗುರುತು ಹತ್ತಿ, ರಕಾರವು ಪಕ್ಕದಲ್ಲಿ ಬೇರೆಯಾಗಿ ನಿಂತು, ದೀರ್ಘವು ಎಲ್ಲಿಯೋ ತೇಲುತ್ತಿತ್ತು. ಕನ್ನಡಕ್ಕೂ ತೆಲುಗಿಗೂ ಲಿಪಿಯ ರೂಪ ಹತ್ತಿರವಾದರೂ ಆ ತಪ್ಪು ಹುಡುಗನ ಕಣ್ಣಿಗೆ ಬೀಳಲಿಲ್ಲ. ಯಂತ್ರಕ್ಕಂತೂ ಸಂಕೋಚವೆಂಬುದೇ ಇಲ್ಲ. ತಪ್ಪನ್ನು ಆರು ಮಿಲ್ಲಿಮೀಟರು ಆಳಕ್ಕೆ, ಬಹು ಅಚ್ಚುಕಟ್ಟಾಗಿ ಕೆತ್ತಿಬಿಟ್ಟಿತು.

೧೯೫೩ನೆಯ ಇಸವಿಯ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ ಮೇಲೆಯೂ ಈ ಊರಿನಲ್ಲಿ ಕನ್ನಡದ ಪಾಠ ನಿಲ್ಲಲಿಲ್ಲ. ಅಂತಹ ಊರಿನಲ್ಲಿ ಕನ್ನಡ ಶಾಲೆಯ ಹೆಸರೇ ತಪ್ಪಾಗಿ ಬಾಗಿಲಿನ ಮೇಲೆ ತೂಗುವುದಾದರೆ ಮಕ್ಕಳಿಗೆ ನಾವು ಯಾವ ಮುಖದಿಂದ ಕಾಗುಣಿತ ಹೇಳಿಕೊಡಬೇಕು?

ಅದೇ ವಾರ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ತಂದೆ ಬಂದರು. ತಲೆತಲಾಂತರದಿಂದ ಮರಗೆಲಸದವರು. ತಾತನ ಕಾಲದಲ್ಲಿ ಜಾಲಿಯ ಮರದ ಬಂಡಿ, ನೊಗ, ಕೂರಿಗೆ. ತಂದೆಯ ಕಾಲದಲ್ಲಿ ಬಾಗಿಲು, ಕಿಟಕಿ, ಮಂಚ. ಈಗ ಮನೆ ಕಟ್ಟಿಸುವವರೆಲ್ಲ ಸಿಂಹದ್ವಾರಕ್ಕೆ ಯಂತ್ರದ ಕೆತ್ತನೆಯನ್ನೇ ಕೇಳುತ್ತಾರೆ. ಆದ್ದರಿಂದ ಸಾಲಮಾಡಿ ಯಂತ್ರ ಕೊಳ್ಳಬೇಕೆಂದು ಅವರ ಯೋಚನೆ.

“ಸಾರ್, ಮಷೀನು ತಗೊಂಡರೆ ಸಾಫ್ಟ್‌ವೇರು ಪುಕ್ಕಟ್ಟೆ ಹಾಕಿ ಕೊಡ್ತಾರಂತೆ ನೋಡ್ರಿ. ಲಕ್ಷಾಂತರ ರೂಪಾಯಿದಂತೆ. ತಗೊಳ್ಳಬೋದಾ?” ಎಂದು ಕೇಳಿದರು.

“ಆಚಾರ್ರೇ, ಲಕ್ಷಾಂತರ ರೂಪಾಯಿಯ ಸಾಮಾನನ್ನು ಪುಕ್ಕಟೆ ಕೊಡುವವರು ಅದನ್ನು ಎಲ್ಲಿಂದ ತಂದರು ಅಂತ ಕೇಳಿದಿರಾ?” ಎಂದೆ.

ಅವರಿಗೆ ಆ ದಿನ ಸರಿಯಾದ ಉತ್ತರ ಕೊಡಲು ನನಗೆ ತಿಳಿವಳಿಕೆ ಇರಲಿಲ್ಲ. ಆಮೇಲೆ ಓದಿ, ಶಾಲೆಯ ಗಣಕದಲ್ಲಿ ಪ್ರಯೋಗ ಮಾಡಿ, ಹುಡುಗನನ್ನೂ ಕೂರಿಸಿಕೊಂಡು ಕಲಿತದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಯಂತ್ರದ ಸ್ವರೂಪ. ಅಂಕೆಗಳಿಂದ ಯಂತ್ರವನ್ನು ನಡೆಸುವ ವಿದ್ಯೆ ಹೊಸದಲ್ಲ. ಅಮೆರಿಕದ ಜಾನ್ ಪಾರ್ಸನ್ಸ್ ಎಂಬುವರು ಹೆಲಿಕಾಪ್ಟರಿನ ರೆಕ್ಕೆಯ ಬಾಗುಗಳನ್ನು ನಿಖರವಾಗಿ ಕಡೆಯುವ ಉಪಾಯವನ್ನು ಹುಡುಕುತ್ತ ಈ ದಾರಿಗೆ ಬಂದರು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ೧೯೫೨ರಲ್ಲಿ ಅಂತಹ ಯಂತ್ರವನ್ನು ನಡೆಸಿ ತೋರಿಸಿದರು. ಆಗ ರಂಧ್ರ ಹೊಡೆದ ಕಾಗದದ ಪಟ್ಟಿ ಆಜ್ಞೆ ಕೊಡುತ್ತಿತ್ತು. ಈಗ ಪೆನ್ ಡ್ರೈವು ಕೊಡುತ್ತದೆ. ಆಜ್ಞೆಯ ಭಾಷೆ ಮಾತ್ರ ಬಹುಮಟ್ಟಿಗೆ ಹಳೆಯದೇ; ಅದಕ್ಕೆ ಜಿ-ಕೋಡ್ ಎಂದು ಹೆಸರು. ‘ಜಿ ೦’ ಎಂದರೆ ಮರವನ್ನು ಮುಟ್ಟದೆ ಶೀಘ್ರವಾಗಿ ಸಾಗು. ‘ಜಿ ೧’ ಎಂದರೆ ಹೇಳಿದ ವೇಗದಲ್ಲಿ ಕೊರೆಯುತ್ತ ನೇರವಾಗಿ ಸಾಗು. ‘ಎಂ ೩’ ಎಂದರೆ ಉಳಿಯನ್ನು ತಿರುಗಿಸು. ಎಕ್ಸ್, ವೈ ಎಂಬುವು ನಮ್ಮ ಮಕ್ಕಳು ಗ್ರಾಫ್ ಕಾಗದದಲ್ಲಿ ಗುರುತಿಸುವ ನಿರ್ದೇಶಾಂಕಗಳೇ. ಜೆಡ್ ಎಂಬುದು ಆಳ.

ಈ ಆಜ್ಞೆಯ ಪಟ್ಟಿ ಸಿದ್ಧವಾಗುವುದಕ್ಕೆ ಎರಡು ಕೆಲಸ ಆಗಬೇಕು. ಚಿತ್ರವನ್ನು ಅಳತೆಯೊಡನೆ ಬರೆಯುವುದು ಒಂದು. ಆ ಚಿತ್ರದ ಮೇಲೆ ಉಳಿಯು ಯಾವ ದಾರಿಯಲ್ಲಿ, ಎಷ್ಟು ಆಳದಲ್ಲಿ ಹೋಗಬೇಕೆಂದು ಗೊತ್ತುಮಾಡುವುದು ಇನ್ನೊಂದು. ಎರಡನ್ನೂ ಒಂದೇ ತಂತ್ರಾಂಶ ಮಾಡಬಹುದು, ಬೇರೆ ಬೇರೆಯೂ ಮಾಡಬಹುದು. ಬೆಲೆಯ ವಿಷಯದಲ್ಲಿ ಜನರು ಮೋಸಹೋಗುವುದು ಈ ಭೇದವನ್ನು ಅರಿಯದೆ. ಚಿತ್ರ ಬರೆಯುವುದಕ್ಕಷ್ಟೇ ಬರುವ ತಂತ್ರಾಂಶವನ್ನು ಹಣ ತೆತ್ತು ಕೊಂಡು, ಆಮೇಲೆ ದಾರಿ ತೋರಿಸುವುದಕ್ಕೆ ಇನ್ನೊಂದನ್ನು ಹುಡುಕುವುದು ಸಾಮಾನ್ಯ.

ಈಗ ಪುಕ್ಕಟೆಯ ಮಾತಿಗೆ ಬರೋಣ. ಬಾಗಿಲ ಕೆತ್ತನೆಯ ಅಂಗಡಿಗಳಲ್ಲಿ ಆರ್ಟ್‌ಕ್ಯಾಮ್ ಎಂಬ ಹೆಸರನ್ನು ತಾವು ಕೇಳಿರಬಹುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಡೆಲ್‌ಕ್ಯಾಮ್ ಕಂಪೆನಿ ಅದನ್ನು ಮಾಡಿತು. ೨೦೧೪ರಲ್ಲಿ ಆ ಕಂಪೆನಿಯನ್ನು ಆಟೋಡೆಸ್ಕ್ ಎಂಬ ದೊಡ್ಡ ಸಂಸ್ಥೆ ಕೊಂಡಿತು. ೨೦೧೮ರಲ್ಲಿ ಆರ್ಟ್‌ಕ್ಯಾಮಿನ ಮಾರಾಟವನ್ನೇ ನಿಲ್ಲಿಸಿತು. ಅದರ ಹಕ್ಕನ್ನು ಪಡೆದವರು ಈಗ ಕಾರ್ವೆಕೊ ಎಂಬ ಹೆಸರಿನಲ್ಲಿ ಬೇರೆ ತಂತ್ರಾಂಶ ಮಾರುತ್ತಾರೆ. ಹಾಗಿದ್ದ ಮೇಲೆ ಇಂದು ಹೊಸ ಯಂತ್ರದೊಡನೆ ‘ಪುಕ್ಕಟೆ’ ಬರುವ ಆರ್ಟ್‌ಕ್ಯಾಮ್ ಎಂತಹುದು? ಬೀಗ ಮುರಿದು ನಕಲು ಮಾಡಿದ್ದಲ್ಲದೆ ಮತ್ತೇನು?

ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೬೩-ಬಿ ಪ್ರಕರಣದಲ್ಲಿ, ನಕಲೆಂದು ತಿಳಿದೂ ಅಂತಹ ತಂತ್ರಾಂಶವನ್ನು ಗಣಕದಲ್ಲಿ ಬಳಸಿದವನಿಗೆ ಏಳು ದಿನಕ್ಕೆ ಕಡಿಮೆಯಿಲ್ಲದ, ಮೂರು ವರ್ಷದವರೆಗೆ ಹೋಗಬಹುದಾದ ಸೆರೆವಾಸವನ್ನೂ, ೫೦ ಸಾವಿರದಿಂದ ೨ ಲಕ್ಷ ರೂಪಾಯಿವರೆಗಿನ ದಂಡವನ್ನೂ ಹೇಳಿದೆ. ಲಾಭಕ್ಕಾಗಿ ಬಳಸದವನಿಗೆ ನ್ಯಾಯಾಲಯವು ಸೆರೆಯನ್ನು ಬಿಡಬಹುದು. ಆದರೆ ಅಂಗಡಿಯಿಟ್ಟವನು ಲಾಭಕ್ಕಲ್ಲವೆಂದು ಹೇಗೆ ಹೇಳಿಯಾನು? ಕಾಯಿದೆಯ ಭಯವನ್ನು ಒತ್ತಟ್ಟಿಗಿಡಿ. ಬೀಗ ಮುರಿಯುವವನು ವೈರಸ್ಸನ್ನೂ ಜೊತೆಗೆ ಕಳುಹಿಸುವುದುಂಟು. ತಪ್ಪು ಕಂಡರೆ ತಿದ್ದಿಕೊಡುವವರಿಲ್ಲ, ಹೊಸ ಗಣಕಕ್ಕೆ ಹೊಂದದಿದ್ದರೆ ಕೇಳುವವರಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೆ. ಆ ತಂತ್ರಾಂಶದಲ್ಲಿ ಬರೆದಿಟ್ಟ ಚಿತ್ರಗಳು ಅದರ ಸ್ವಂತ ಕಡತದಲ್ಲಿರುತ್ತವೆ, ಬೇರೆ ಬಹುತೇಕ ತಂತ್ರಾಂಶಗಳಲ್ಲಿ ತೆರೆಯುವುದಿಲ್ಲ. ಹತ್ತು ವರ್ಷ ದುಡಿದು ಕೂಡಿಹಾಕಿದ ಬಳ್ಳಿ, ನವಿಲು, ದ್ವಾರಪಾಲಕರ ಚಿತ್ರವೆಲ್ಲ ಒಂದು ಸತ್ತ ತಂತ್ರಾಂಶದ ಸೆರೆಮನೆಯಲ್ಲಿ ಉಳಿಯಬಹುದು.

ಆದುದರಿಂದ ಆಚಾರ್ಯರಿಗೆ ನಾನು ಹೇಳಿದ್ದು ಇಷ್ಟು: ಬೆಲೆಯನ್ನು ಆಮೇಲೆ ಕೇಳಿ. ನಾಳೆ ಈ ತಂತ್ರಾಂಶವನ್ನು ಬಿಟ್ಟರೆ ನನ್ನ ಚಿತ್ರ ನನ್ನೊಡನೆ ಬರುತ್ತದೆಯೇ ಎಂಬುದನ್ನು ಮೊದಲು ಕೇಳಿ. ಇದರಿಂದ ಗಳಿಸುವುದಕ್ಕೆ ನನಗೆ ಅನುಮತಿಯುಂಟೆ ಎಂಬುದನ್ನು ಅದರ ಹಿಂದೆಯೇ ಕೇಳಿ. ಎಸ್‌.ವಿ.ಜಿ., ಡಿ.ಎಕ್ಸ್‌.ಎಫ್. ಎಂಬ ರೇಖಾಚಿತ್ರದ ಕಡತಗಳನ್ನೂ, ಉಬ್ಬುಶಿಲ್ಪಕ್ಕೆ ಎಸ್‌.ಟಿ.ಎಲ್. ಎಂಬುದನ್ನೂ ಬಹುತೇಕ ಎಲ್ಲ ತಂತ್ರಾಂಶಗಳೂ ಓದಬಲ್ಲವು. ಎಲ್ಲಿ ಬರೆದರೂ ಒಂದು ಪ್ರತಿಯನ್ನು ಈ ರೂಪದಲ್ಲಿ ಇಟ್ಟುಕೊಂಡವನು ಯಾರಿಗೂ ಒತ್ತೆಯಾಳಲ್ಲ.

ಧರ್ಮವಾಗಿ ಪುಕ್ಕಟೆ ಸಿಗುವುವೂ ಇವೆ. ಇಂಕ್‌ಸ್ಕೇಪ್ ಎಂಬುದು ೨೦೦೩ರಿಂದ ಸ್ವಯಂಸೇವಕರು ಬೆಳೆಸಿಕೊಂಡು ಬಂದ ಚಿತ್ರರಚನೆಯ ತಂತ್ರಾಂಶ. ಅಕ್ಷರ, ಬಳ್ಳಿ, ಜಾಲಂಧ್ರಗಳನ್ನು ಬರೆಯಲು ಅದಕ್ಕಿಂತ ಹೆಚ್ಚಿನದು ಸಣ್ಣ ಅಂಗಡಿಗೆ ಬೇಕಿಲ್ಲ; ಸಾಧಾರಣ ಗಣಕದಲ್ಲಿಯೂ ನಡೆಯುತ್ತದೆ. ಅಳತೆಯೇ ಮುಖ್ಯವಾದ ಕಪಾಟು, ಕುರ್ಚಿ, ಚೌಕಟ್ಟುಗಳಿಗೆ ಫ್ರೀಕ್ಯಾಡ್. ೨೦೦೨ರಲ್ಲಿ ಮೊದಲು ಹೊರಬಂದ ಇದು ೨೦೨೪ರ ನವೆಂಬರಿನಲ್ಲಷ್ಟೇ ೧.೦ ಎಂಬ ಅಂಕೆಯನ್ನು ಮುಟ್ಟಿತು. ಮಾಡಿದವರ ಸಾವಧಾನವನ್ನು ಮೆಚ್ಚಲೇಬೇಕು. ಚಿತ್ರವನ್ನೂ ಉಳಿಯ ದಾರಿಯನ್ನೂ ಎರಡನ್ನೂ ಇದು ಮಾಡುತ್ತದೆ. ಒಂದು ಅಳತೆಯನ್ನು ಬದಲಿಸಿದರೆ ಉಳಿದವೆಲ್ಲ ತಾವಾಗಿ ಹೊಂದಿಕೊಳ್ಳುವಂತೆ ಬರೆಯಬಹುದು: ಮೂರಡಿ ಬಾಗಿಲನ್ನು ಮೂರೂವರೆ ಅಡಿ ಮಾಡಬೇಕಾದಾಗ ಮೊದಲಿನಿಂದ ಬರೆಯಬೇಕಾಗಿಲ್ಲ. ಕಲಿಯುವುದು ಕಷ್ಟ, ಇದನ್ನು ಮರೆಮಾಚುವುದಿಲ್ಲ. ನನಗೆ ಒಂದು ಪೆಟ್ಟಿಗೆ ಬರೆಯುವುದಕ್ಕೆ ಮೂರು ಸಾಯಂಕಾಲ ಹಿಡಿಯಿತು, ಹುಡುಗನಿಗೆ ಒಂದೇ. ಎಫ್-ಎನ್‌ಗ್ರೇವ್ ಎಂಬ ಚಿಕ್ಕ ತಂತ್ರಾಂಶವು ಮೊನೆಯುಳಿಯಿಂದ ಅಕ್ಷರ ಕೊರೆಯುವ ದಾರಿಯನ್ನು ಕೊಡುತ್ತದೆ. ಕ್ಯಾಮೋಟಿಕ್ಸ್ ಎಂಬುದು ಮರವನ್ನು ಮುಟ್ಟುವ ಮೊದಲೇ ಪರದೆಯ ಮೇಲೆ ಕೆತ್ತಿ ತೋರಿಸುತ್ತದೆ. ನಮ್ಮ ಮೊದಲನೆಯ ಹಲಗೆಯ ದಿನ ಇದೊಂದಿದ್ದರೆ ಸಾಕಿತ್ತು. ಈ ನಾಲ್ಕಕ್ಕೂ ಬೆಲೆಯಿಲ್ಲ, ಇವುಗಳಿಂದ ಗಳಿಸುವುದಕ್ಕೆ ಅಡ್ಡಿಯೂ ಇಲ್ಲ.

ಪುಕ್ಕಟೆಯೆಂದು ಹೇಳಿ ಷರತ್ತು ಹಾಕುವವುಗಳನ್ನು ಮಾತ್ರ ಕನ್ನಡಕ ಹಾಕಿಕೊಂಡು ಓದಬೇಕು. ಆಟೋಡೆಸ್ಕಿನ ಫ್ಯೂಷನ್ ಬಹಳ ಸಮರ್ಥವಾದುದು. ಹವ್ಯಾಸಿಗೆ ಬೆಲೆಯಿಲ್ಲದೆ ಕೊಡುತ್ತಾರೆ. ಆದರೆ ಅದು ವ್ಯಾಪಾರಕ್ಕಲ್ಲ. ೨೦೨೦ರ ಅಕ್ಟೋಬರಿನಿಂದ ಆ ಪುಕ್ಕಟೆ ಆವೃತ್ತಿಯಲ್ಲಿ ಒಂದು ಸಲಕ್ಕೆ ಹತ್ತು ಕಡತಗಳನ್ನಷ್ಟೇ ತಿದ್ದಲು ತೆರೆದಿಡಬಹುದು. ನಾನು ಮೊದಲು ಹೇಳಿದ ‘ಜಿ ೦’ ಎಂಬ ಶೀಘ್ರಗತಿಯನ್ನೂ ತೆಗೆದರು. ಅದರ ಫಲವನ್ನು ಮಕ್ಕಳೇ ಲೆಕ್ಕ ಹಾಕಲಿ: ಒಂದು ಬಾಗಿಲಿನ ಕೆತ್ತನೆಯಲ್ಲಿ ಉಳಿಯು ಮರ ಮುಟ್ಟದೆ ಗಾಳಿಯಲ್ಲಿ ಒಟ್ಟು ೬೦ ಮೀಟರು ಓಡಾಡುತ್ತದೆಂದು ಇಟ್ಟುಕೊಳ್ಳಿ. ನಿಮಿಷಕ್ಕೆ ೬ ಮೀಟರಿನ ಶೀಘ್ರಗತಿಯಲ್ಲಿ ೧೦ ನಿಮಿಷ. ಕೊರೆಯುವ ವೇಗವಾದ ೨ ಮೀಟರಿನಲ್ಲಿ ೩೦ ನಿಮಿಷ. ಮನೆಯಲ್ಲಿ ಆಟಿಕೆ ಮಾಡುವವನಿಗೆ ಇದು ತೊಂದರೆಯಲ್ಲ, ದಿನಕ್ಕೆ ಮೂರು ಬಾಗಿಲು ಕೊಡಬೇಕಾದವನಿಗೆ ಉಂಟು. ಆನ್‌ಶೇಪ್ ಎಂಬುದರ ಪುಕ್ಕಟೆ ಖಾತೆಯಲ್ಲಿ ಬರೆದ ಚಿತ್ರ ಲೋಕಕ್ಕೆಲ್ಲ ಕಾಣುತ್ತದೆ. ಅಂತರಜಾಲದಲ್ಲಿ ಮಾತ್ರ ನಡೆಯುವ ಇನ್ನು ಕೆಲವು ಇವೆ. ಜಾಲ ಕಡಿದ ದಿನ ಅಂಗಡಿಗೆ ಬೀಗ.

ಹಾಗಾದರೆ ಹಣ ಕೊಟ್ಟು ಕೊಳ್ಳುವುದೇ ಬೇಡವೆ? ಹಾಗೆಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನ ವೆಕ್ಟ್ರಿಕ್ ಸಂಸ್ಥೆಯ ವಿ-ಕಾರ್ವ್, ಆಸ್ಪೈರ್ ಎಂಬುವು ಮರಗೆಲಸಕ್ಕೆಂದೇ ಮಾಡಿದವು, ಕಲಿಯಲು ಸುಲಭ. ತಿಂಗಳ ಬಾಡಿಗೆಯಿಲ್ಲ, ಒಮ್ಮೆ ಕೊಂಡರೆ ಕೊಂಡದ್ದೇ. ಚಿಕ್ಕ ಆವೃತ್ತಿಗೆ ನೂರಾರು ಡಾಲರು. ಉಬ್ಬುಶಿಲ್ಪ ಮಾಡುವ ಆಸ್ಪೈರಿಗೆ ಸುಮಾರು ಎರಡು ಸಾವಿರ ಡಾಲರು, ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಚಿಕ್ಕದನ್ನು ಕೊಂಡವನು ವ್ಯತ್ಯಾಸದ ಹಣ ಕೊಟ್ಟು ದೊಡ್ಡದಕ್ಕೆ ಏರಬಹುದು. ಕೊಳ್ಳುವ ಮೊದಲು ಪರೀಕ್ಷೆಗೆಂದು ಕೊಡುವ ಪ್ರತಿಯಲ್ಲಿ ಬೇಕಾದಷ್ಟು ದಿನ ಅಭ್ಯಾಸ ಮಾಡಬಹುದು. ಸ್ವಂತ ಚಿತ್ರದ ಆಜ್ಞೆಯ ಪಟ್ಟಿಯನ್ನು ಮಾತ್ರ ಹೊರತೆಗೆಯಲಾಗದು. ಆದರೆ ಗಮನಿಸಿ: ವಿ-ಕಾರ್ವಿನ ಚಿಕ್ಕ ಆವೃತ್ತಿಯಲ್ಲಿ ಕೆಲಸದ ಮಿತಿ ಉದ್ದಗಲಕ್ಕೆ ೨೫ ಅಂಗುಲ. ಏಳಡಿಯ ಬಾಗಿಲನ್ನು ತುಂಡುತುಂಡಾಗಿ ಹೊಂದಿಸಿ ಕೊರೆಯಬೇಕಾದೀತು. ನಾಲ್ಕಡಿ ಎಂಟಡಿಯ ಹಾಸಿನ ಯಂತ್ರವನ್ನು ಸಾಲಮಾಡಿ ತಂದವನು ಈ ಮಿತಿಯನ್ನು ಓದದೆ ಕೊಂಡರೆ ಕಣ್ಣೀರು ಸುರಿಸಬೇಕು. ಹೆಸರಿನ ಹಲಗೆ, ಪೂಜೆಯ ಮಂಟಪದ ಬಿಡಿಭಾಗ, ಆಟಿಕೆ ಮಾಡುವವನಿಗೆ ೨೫ ಅಂಗುಲ ಧಾರಾಳ.

ಇನ್ನೊಂದು ವಿಷಯ. ಆದವಾನಿಯ ಕನ್ನಡ ಬೇರೆ, ಧಾರವಾಡದ್ದು ಬೇರೆ, ಮೈಸೂರಿನದು ಬೇರೆಯಿರುವಂತೆ ಜಿ-ಕೋಡಿನಲ್ಲಿಯೂ ಯಂತ್ರದಿಂದ ಯಂತ್ರಕ್ಕೆ ಆಡುಮಾತಿನ ಭೇದವುಂಟು. ಆ ಭೇದಕ್ಕೆ ತಕ್ಕಂತೆ ಬರೆದುಕೊಡುವ ಭಾಗಕ್ಕೆ ಪೋಸ್ಟ್ ಪ್ರೊಸೆಸರ್ ಎನ್ನುತ್ತಾರೆ. ಚಿಕ್ಕ ಹವ್ಯಾಸಿ ಯಂತ್ರಗಳಲ್ಲಿ ಜಿ.ಆರ್.ಬಿ.ಎಲ್. ಎಂಬ ನಿಯಂತ್ರಕವಿರುತ್ತದೆ, ದೊಡ್ಡವುಗಳಲ್ಲಿ ಪೆನ್ ಡ್ರೈವು ಸಿಕ್ಕಿಸುವ ಕೈಪೆಟ್ಟಿಗೆ. ತಂತ್ರಾಂಶ ಆರಿಸುವ ಮೊದಲು ಯಂತ್ರದ ಆಡುಮಾತು ಅದಕ್ಕೆ ಬರುತ್ತದೆಯೇ ಎಂದು ವಿಚಾರಿಸತಕ್ಕದ್ದು.

ಈಗ ಅಕ್ಷರದ ಕೆಲಸ. ಹಿರಿಯರು ಬೇಸರಿಸಬಾರದು, ಇದು ಮಕ್ಕಳಿಗೆ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆ ವಿನ್ಯಾಸವಿಲ್ಲದ ಗಣಕದಲ್ಲಿ ಇಂಗ್ಲಿಷ್ ಅಕ್ಷರವೇ ಕಾಣುವುದು ಆದ್ದರಿಂದ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಮನೆಯಿದೆ. ತೆಲುಗಿನ ಮನೆ ಮುಗಿದ ಕೂಡಲೇ ಕನ್ನಡದ್ದು ಆರಂಭ; ಅಲ್ಲಿಯೂ ನಾವು ನೆರೆಹೊರೆಯವರೇ. ಯೂನಿಕೋಡಿನಲ್ಲಿ ಟೈಪು ಮಾಡಿ. ನೋಟೋ, ಬಾಲೂ ತಮ್ಮ ಮೊದಲಾದ, ಯಾರು ಬೇಕಾದರೂ ಬಳಸಬಹುದಾದ ಅಕ್ಷರವಿನ್ಯಾಸಗಳಿವೆ. ಇಂಕ್‌ಸ್ಕೇಪು ಒತ್ತನ್ನೂ ಗುಣಿತವನ್ನೂ ಸರಿಯಾಗಿ ಕೂಡಿಸುತ್ತದೆ. ಕಾಗುಣಿತವನ್ನು ಇಬ್ಬರು ಓದಿ ಒಪ್ಪಿದ ಮೇಲೆ ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿ, ಒಂದರ ಮೇಲೊಂದು ಹಾಯ್ದ ಗೆರೆಗಳನ್ನು ಒಂದುಗೂಡಿಸಿ. ಇಲ್ಲದಿದ್ದರೆ ಒತ್ತು ಸೇರುವ ಕಡೆ ಉಳಿಯು ಅಕ್ಷರದ ನಡುವೆಯೇ ಗೀರಿಬಿಡುತ್ತದೆ. ಹೀಗೆ ರೇಖೆಯಾದ ಮೇಲೆ ಅದು ಯಾವ ತಂತ್ರಾಂಶಕ್ಕೆ ಹೋದರೂ ಚಿತ್ರವೇ; ಕೆಡಿಸಲು ಅಲ್ಲಿ ಭಾಷೆಯೇ ಉಳಿದಿರುವುದಿಲ್ಲ.

ಉಳಿಯ ಆಯ್ಕೆಯೂ ಅಷ್ಟೇ ಮುಖ್ಯ. ಅಕ್ಷರದ ಒಡಲು ಎಂಟು ಮಿಲ್ಲಿಮೀಟರು ಅಗಲವಿದ್ದರೆ ಅದರ ಒತ್ತು ನಾಲ್ಕೇ ಇರಬಹುದು. ಆರು ಮಿಲ್ಲಿಮೀಟರಿನ ನೇರ ಉಳಿ ಅಲ್ಲಿಗೆ ಇಳಿಯಲಾರದು. ಎಷ್ಟೋ ತಂತ್ರಾಂಶಗಳು ಇದನ್ನು ದೂರಿ ಹೇಳುವುದೂ ಇಲ್ಲ. ಸುಮ್ಮನೆ ಒತ್ತನ್ನು ಬಿಟ್ಟು ಮುಂದೆ ಹೋಗುತ್ತವೆ. ಮೊನೆಯುಳಿಯಾದರೆ ಕಿರಿದಾದಲ್ಲಿ ಮೇಲೇರಿ, ಅಗಲವಾದಲ್ಲಿ ಆಳಕ್ಕಿಳಿದು ಎಲ್ಲವನ್ನೂ ಕೊರೆಯುತ್ತದೆ. ಎಷ್ಟು ಆಳ? ಹತ್ತನೆಯ ತರಗತಿಯವರು ಉತ್ತರಿಸಬೇಕು. ಅಗಲದ ಅರ್ಧವನ್ನು ಉಳಿಯ ಕೋನಾರ್ಧದ ಸ್ಪರ್ಶಕದಿಂದ ಭಾಗಿಸಿರಿ. ೧೦ ಮಿಲ್ಲಿಮೀಟರು ಅಗಲದ ಗೆರೆಗೆ ೯೦ ಅಂಶದ ಉಳಿಯಲ್ಲಿ ೫ ಮಿಲ್ಲಿಮೀಟರು. ೬೦ ಅಂಶದ ಉಳಿಯಲ್ಲಿ ೮.೬೬. ಗೆರೆ ೩೦ ಮಿಲ್ಲಿಮೀಟರು ಅಗಲವಾದರೆ ೬೦ ಅಂಶದ ಉಳಿ ೨೬ ಮಿಲ್ಲಿಮೀಟರಿಗೆ ಇಳಿಯುತ್ತದೆ; ಹಲಗೆಯ ದಪ್ಪ ೧೮ ಆದರೆ ಆಚೆಗೆ ಬೆಳಕು ಕಾಣುತ್ತದೆ! ಆದ್ದರಿಂದ ಆಳಕ್ಕೆ ಮಿತಿ ಹಾಕುವ ಸೌಕರ್ಯ ತಂತ್ರಾಂಶದಲ್ಲಿರಬೇಕು. “ಸಾರ್, ತ್ರಿಕೋನಮಿತಿ ಯಾವುದಕ್ಕೆ ಬರುತ್ತದೆ?” ಎಂದು ವರ್ಷವರ್ಷವೂ ಕೇಳುವವರು ಇದನ್ನು ಬರೆದುಕೊಳ್ಳಲಿ.

ಹಣದ ಮಾತು ಇನ್ನೊಂದಿದೆ. ೨೦೨೩ರ ಸೆಪ್ಟೆಂಬರ್ ೧೭ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ ೧೮ ಕಸುಬುಗಳಲ್ಲಿ ಬಡಗಿಯ ಕಸುಬೂ ಒಂದು. ಉಪಕರಣಕ್ಕೆ ೧೫ ಸಾವಿರ ರೂಪಾಯಿಯ ನೆರವು, ಶೇಕಡ ೫ರ ಬಡ್ಡಿಯಲ್ಲಿ ಮೊದಲು ೧ ಲಕ್ಷ, ಅದನ್ನು ತೀರಿಸಿದ ಮೇಲೆ ೨ ಲಕ್ಷ ಸಾಲ ಎಂದು ಅದರಲ್ಲಿ ಗೊತ್ತುಪಡಿಸಿದ್ದಾರೆ. ಅಷ್ಟರಲ್ಲಿ ದೊಡ್ಡ ಯಂತ್ರವೂ ದೊಡ್ಡ ತಂತ್ರಾಂಶವೂ ಎರಡೂ ಬರಲಾರವು. ಸಾಲವೆಲ್ಲ ಯಂತ್ರಕ್ಕೆ ಹೋಗಲಿ. ಮೊದಲ ವರ್ಷ ಬೆಲೆಯಿಲ್ಲದ ತಂತ್ರಾಂಶದಲ್ಲಿ ಕೈ ಕುದುರಲಿ. ಗಿರಾಕಿಗಳು ಉಬ್ಬುಶಿಲ್ಪವನ್ನೇ ಮತ್ತೆ ಮತ್ತೆ ಕೇಳಿದರೆ ಆಗ ಗಳಿಸಿದ ಹಣದಿಂದ ಕೊಂಡರಾಯಿತು. ಯಂತ್ರ ಕೊಳ್ಳುವ ಮೊದಲೇ ತಂತ್ರಾಂಶ ಕಲಿಯುವುದು ಇನ್ನೂ ಉತ್ತಮ. ಚಿತ್ರವನ್ನೂ ದಾರಿಯನ್ನೂ ಮನೆಯಲ್ಲಿ ಸಿದ್ಧಪಡಿಸಿ, ಯಂತ್ರವಿದ್ದವರ ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ಕೊರೆಸಿಕೊಳ್ಳಬಹುದಷ್ಟೆ. ಆರು ತಿಂಗಳು ಹೀಗೆ ನಡೆಸಿದವನಿಗೆ ಸಾಲ ಮಾಡಬೇಕೇ ಬೇಡವೇ ಎಂಬುದು ತಾನಾಗಿಯೇ ತಿಳಿಯುತ್ತದೆ.

ಉಳಿ, ಕೊಡತಿ, ಬಾಚಿಗಳ ಗತಿಯೇನೆಂದು ಹಿರಿಯ ಪಾಲಕರೊಬ್ಬರು ಕೇಳಿದರು. ಯಂತ್ರದ ಉಳಿ ದುಂಡಗೆ ತಿರುಗುವುದರಿಂದ ಆರು ಮಿಲ್ಲಿಮೀಟರಿನದು ಒಳಮೂಲೆಯಲ್ಲಿ ಮೂರು ಮಿಲ್ಲಿಮೀಟರು ತ್ರಿಜ್ಯದ ದುಂಡನ್ನು ಬಿಟ್ಟೇ ಬಿಡುತ್ತದೆ. ಆ ಮೂಲೆಯನ್ನು ಚೌಕ ಮಾಡುವುದು ಇಂದಿಗೂ ಕೈಯುಳಿಯೇ. ನವಿಲಿನ ಕಣ್ಣಿಗೆ ಜೀವ ಕೊಡುವುದೂ ಅದೇ.

ಇದನ್ನೆಲ್ಲ ಕನ್ನಡ ಮಾಧ್ಯಮದ ಮಕ್ಕಳು ಕಲಿಯಬಲ್ಲರೇ ಎಂಬ ಸಂಶಯ ಕೆಲವರಿಗಿದೆ. ಕಾಸರಗೋಡಿನ ನಮ್ಮ ಬಂಧುಗಳನ್ನು ನೋಡಿ. ಕೇರಳದ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶಗಳಿಂದಲೇ ಗಣಕದ ಪಾಠ ನಡೆದುಬಂದಿದೆ. ಹತ್ತನೆಯ ತರಗತಿಯ ಪಠ್ಯದಲ್ಲಿ ಇಂಕ್‌ಸ್ಕೇಪಿನಿಂದ ಚಿತ್ರ ರಚಿಸುವ ಪಾಠವನ್ನೇ ಇಟ್ಟಿದ್ದರು, ಆ ಪಠ್ಯವು ಕನ್ನಡದಲ್ಲಿಯೂ ಅಚ್ಚಾಗಿತ್ತು. ಅಲ್ಲಿಯ ಮಕ್ಕಳಿಗೆ ಬಂದದ್ದು ಇಲ್ಲಿಯ ಮಕ್ಕಳಿಗೆ ಬಾರದೆ?

ನಮ್ಮ ಎರಡನೆಯ ಹಲಗೆಯ ಚಿತ್ರವನ್ನು ಆಚಾರ್ಯರ ಮಗನೇ ಇಂಕ್‌ಸ್ಕೇಪಿನಲ್ಲಿ ಬರೆದನು. ಉಳಿಯ ದಾರಿಯನ್ನು ನಾವಿಬ್ಬರೂ ಕೂಡಿ ಸಿದ್ಧಪಡಿಸಿದೆವು. ಕನ್ನಡ ಪಂಡಿತರು ಪರದೆಯ ಮೇಲೆ ಅಕ್ಷರಗಳನ್ನು ಒಂದೊಂದಾಗಿ ಓದಿ ಒಪ್ಪಿಗೆ ಕೊಟ್ಟರು. ಅದೇ ಅಂಗಡಿಯ ಅದೇ ಹುಡುಗನು ಕೊರೆದುಕೊಟ್ಟನು. ಮೂಲೆಗಳನ್ನು ತಂದೆ ಕೈಯುಳಿಯಿಂದ ತಿದ್ದಿದರು. ಸಭೆ ಮುಗಿದ ಮೇಲೆ ದಯವಿಟ್ಟು ಹೆಬ್ಬಾಗಿಲಿನಲ್ಲಿ ನಿಂತು ‘ಪ್ರೌ’ ಅಕ್ಷರವನ್ನು ನೋಡಿ ಹೋಗಿರಿ. ಕೆಟ್ಟ ಹಲಗೆಯನ್ನು ಎಸೆದಿಲ್ಲ. ಗಣಕದ ಕೋಣೆಯಲ್ಲಿ ಇಟ್ಟಿದ್ದೇವೆ. ಪ್ರತಿ ಶನಿವಾರ ಸಾಯಂಕಾಲ ನಾಲ್ಕು ಗಂಟೆಯಿಂದ ಆರರವರೆಗೆ ಆ ಕೋಣೆ ತೆರೆದಿರುತ್ತದೆ. ಒಂಬತ್ತು, ಹತ್ತನೆಯ ತರಗತಿಯವರೂ, ಮರಗೆಲಸ ಮಾಡುವ ಪಾಲಕರೂ ಬರಬಹುದು. ಬರುವವರು ತಮ್ಮ ಮನೆಯ ಹೆಸರನ್ನು ಕಾಗದದ ಮೇಲೆ ಬರೆದು, ಹಲಗೆಯ ಉದ್ದ, ಅಗಲ, ದಪ್ಪಗಳನ್ನು ಮಿಲ್ಲಿಮೀಟರಿನಲ್ಲಿ ಅಳೆದು ತರತಕ್ಕದ್ದು.